ಬಾಟಲಿ ಹೋಯಿತು, ಮಾಡೆಲ್ ಉಳಿದಳು

ಬಿಯರ್ ಜಾಹೀರಾತಿಗೆ ಟಿವಿಯಲ್ಲಿ ನಿಷೇಧ ಬಂದು ಎರಡು ದಶಕ ದಾಟಿದೆ. ಆದರೂ ಬೆಳಗಾವಿಯ ಕಾಲೇಜು ಹುಡುಗರಿಗೆ ಬ್ರಾಂಡುಗಳ ಹೆಸರನ್ನು ಯಾರೂ ಹೇಳಿಕೊಡಬೇಕಿಲ್ಲ. ಹೆಸರಿನ ಹಿಂದೆಯೇ ಒಬ್ಬ ಹುಡುಗಿಯ ಚಿತ್ರವೂ ತಲೆಗೆ ಬರುತ್ತದೆ, ಅಲ್ವಾ?

ಯುರೋಪಿನಲ್ಲಿ ನೂರಾರು ವರ್ಷ ಮನೆಮನೆಯಲ್ಲಿ ಬಿಯರ್ ಕಾಯಿಸುತ್ತಿದ್ದವರೇ ಹೆಂಗಸರು. ಕಾರ್ಖಾನೆ ಬಂತು, ಅವರು ಒಲೆಯ ಮುಂದಿನಿಂದ ಪೋಸ್ಟರಿಗೆ ಹೋದರು. 1952ರ ಅಮೆರಿಕದ ಒಂದು ಜಾಹೀರಾತಿನಲ್ಲಿ ಅಡುಗೆ ಸೀಯಿಸಿಕೊಂಡ ಹೆಂಡತಿ ಅಳುತ್ತಾಳೆ. ಬಿಯರನ್ನಂತೂ ಸೀಯಿಸಿಲ್ಲ ಬಿಡು ಅಂತ ಗಂಡ ಸಮಾಧಾನ ಮಾಡುತ್ತಾನೆ. 1991ರ ಹೊತ್ತಿಗೆ ಇನ್ನೊಂದು ಬಿಯರ್ ಕಂಪನಿಯ ಜಾಹೀರಾತಿಗೆ ಬಿಕಿನಿ ತೊಟ್ಟ ಹುಡುಗಿಯರ ತಂಡವೇ ಬಂತು. ಆ ಕಂಪನಿಯ ಮಹಿಳಾ ನೌಕರರೇ ಕೋರ್ಟಿಗೆ ಹೋದರು. ಇಂಥ ಜಾಹೀರಾತಿನಿಂದಲೇ ಕೆಲಸದ ಜಾಗದಲ್ಲಿ ಕಾಟ ಜಾಸ್ತಿಯಾಗಿದೆ ಅನ್ನುವುದು ಅವರ ದೂರು.

ನಮ್ಮ ಕಥೆ ಬೇರೆ. 2000ರಲ್ಲಿ ಕೇಬಲ್ ಟಿವಿ ನಿಯಮ ಬದಲಾಗಿ ಮದ್ಯದ ಜಾಹೀರಾತು ನಿಂತಿತು. ಮದ್ಯದ ಬ್ರಾಂಡಿನದೇ ಹೆಸರಿನಲ್ಲಿ ಸೋಡಾ, ನೀರಿನ ಬಾಟಲಿ, ಹಾಡಿನ ಸಿಡಿ ಬಂದವು. 2003ರಲ್ಲಿ ಕಿಂಗ್‌ಫಿಷರ್ ಕ್ಯಾಲೆಂಡರ್ ಬಂತು. ದೂರದ ಕಡಲತೀರ, ಈಜುಡುಗೆಯ ಮಾಡೆಲ್, ಪಕ್ಕದಲ್ಲಿ ತಾರೀಖು. ಅಸಲಿ ಪ್ರತಿ ಸಿಗುತ್ತಿದ್ದದ್ದು ಆಯ್ದ ಕೆಲವರಿಗೆ ಮಾತ್ರ. ಆದರೆ ಚಿತ್ರಗಳು ಪೇಪರಿನಲ್ಲಿ ಬಂದವು, ಅಲ್ಲಿಂದ ಕತ್ತರಿಸಿಕೊಂಡು ಸಲೂನಿನ ಕನ್ನಡಿಯ ಅಂಚಿಗೂ ಬಂದವು. ಮಾಡೆಲ್ ಹುಡುಕುವುದೇ ಒಂದು ಟಿವಿ ಕಾರ್ಯಕ್ರಮವಾಯಿತು. ಮೊದಲು ಬಾಟಲಿಯ ಪಕ್ಕದಲ್ಲಿ ನಿಲ್ಲುತ್ತಿದ್ದವಳು ಈಗ ಬಾಟಲಿಯ ಕೆಲಸವನ್ನೂ ಒಬ್ಬಳೇ ಮಾಡಬೇಕಾಯಿತು! ಮಹಿಳೆಯರನ್ನು ಅಸಭ್ಯವಾಗಿ ತೋರಿಸಬಾರದು ಅನ್ನುವ ಕಾನೂನು 1986ರಿಂದಲೂ ಇದೆ. ಒಂದು ಕಾನೂನು ಮದ್ಯವನ್ನು ನೋಡುತ್ತದೆ, ಇನ್ನೊಂದು ಅಶ್ಲೀಲತೆಯನ್ನು ನೋಡುತ್ತದೆ. ಚಿತ್ರ ಎರಡರ ನಡುವೆ ನುಸುಳಿಕೊಂಡಿತು. ಹೀಗೆ ಬೇರೆ ಸರಕಿನ ನೆಪದಲ್ಲಿ ಮದ್ಯದ ಹೆಸರು ಮೆರೆಸುವ ಬದಲಿ ಜಾಹೀರಾತು ಕೂಡದು ಅಂತ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ ಮಾರ್ಗಸೂಚಿ ಹೊರಡಿಸಿದ್ದು 2022ರ ಜೂನ್‌ನಲ್ಲಿ. ಅಷ್ಟರಲ್ಲಿ ಎಲ್ಲರ ಕೈಗೂ ಮೊಬೈಲ್ ಬಂದಿತ್ತು.

ಈಚೆಗೆ ಗಾಳಿ ತಿರುಗಿದೆ. 2019ರ ಮಹಿಳಾ ದಿನಕ್ಕೆ ಅಮೆರಿಕದ ಬಿಯರ್ ಬ್ರಾಂಡ್ ಬಡ್‌ವೈಸರ್ ತನ್ನದೇ ಹಳೆಯ ಜಾಹೀರಾತುಗಳನ್ನು ತಿದ್ದಿ, ಹೆಣ್ಣನ್ನು ಸರಿಸಮವಾಗಿ ತೋರಿಸಿ ಅಚ್ಚು ಹಾಕಿಸಿತು. ಒಳ್ಳೆಯದೇ. ಗಿರಾಕಿಗಳು ದುಪ್ಪಟ್ಟಾಗುವ ಲೆಕ್ಕವೂ ಅದರೊಳಗೆ ಇದ್ದೇ ಇರುತ್ತದೆ ಬಿಡಿ.

ಬೆಳಗಾವಿ ಪೇಟೆಯಲ್ಲಿ ಆ ಹೊಸ ಚಿತ್ರಕ್ಕೆ ಹೊಂದುವ ಹುಡುಗಿಯರು ಇರಬಹುದು. ಚೋರ್ಲಾ ಘಾಟ್ ಇಳಿದರೆ ಗೋವಾ ತಾನೆ. ಆದರೆ ಸವದತ್ತಿ, ಗೋಕಾಕ ಕಡೆಯ ಹಳ್ಳಿಗಳಲ್ಲಿ ಹೆಂಗಸರಿಗೂ ಮದ್ಯಕ್ಕೂ ಇರುವ ನಂಟು ಗಂಡನ ಕೂಲಿಯ ಮೂಲಕ. 2007ರ ಜುಲೈ 1ಕ್ಕೆ ಸಾರಾಯಿ ನಿಂತಿತು, ಅಗ್ಗದ ಮದ್ಯದ ಪ್ಯಾಕೆಟ್ ಗೂಡಂಗಡಿಗೆ ಬಂತು. ಅದಕ್ಕೆ ಮಾಡೆಲ್ಲೂ ಬೇಡ, ಕ್ಯಾಲೆಂಡರೂ ಬೇಡ. 2019ರ ಜನವರಿಯಲ್ಲಿ ಸಾವಿರಾರು ಹೆಂಗಸರು ಚಿತ್ರದುರ್ಗದಿಂದ ಬೆಂಗಳೂರಿಗೆ ನಡೆದು, ಮದ್ಯ ನಿಷೇಧ ಮಾಡಿ ಅಂತ ಕೇಳಿದರು. ನಿಷೇಧ ಬರಲಿಲ್ಲ. ಅಬಕಾರಿ ಆದಾಯ ಬಜೆಟ್ಟಿನ ದೊಡ್ಡ ಬಾಬತ್ತು, ಅದನ್ನು ಬಿಡುವ ಧೈರ್ಯ ಕರ್ನಾಟಕದ ಈಚಿನ ಯಾವ ಸರ್ಕಾರಕ್ಕೂ ಬಂದಿಲ್ಲ.