ಡ್ರೈವರ್ ಉಳಿಯಬೇಕಿದ್ದರೆ ಮೊದಲು ಟೈಮಿಂಗ್ ಸರಿ ಮಾಡಿ

ಮಂಗಳೂರು, ಉಡುಪಿಯ ಬಸ್ ಮಾಲೀಕರು ಸೇರಿದಲ್ಲೆಲ್ಲ ಈಗ ಇದೇ ಮಾತು: ಡ್ರೈವರ್ ಸಿಗುತ್ತಿಲ್ಲ. ಹೆವಿ ಲೈಸೆನ್ಸ್ ಇದ್ದವರು ಟಿಪ್ಪರ್‌ಗೆ ಹೋಗುತ್ತಾರೆ, ಕಾಲೇಜು ಬಸ್ಸಿಗೆ ಹೋಗುತ್ತಾರೆ, ಗಲ್ಫಿಗೆ ಹೋಗುತ್ತಾರೆ. ಖಾಸಗಿ ಬಸ್‌ಗಳಿಗೆ ಡ್ರೈವರ್‌ಗಳನ್ನು ಸೇರಿಸಿಕೊಂಡು ತಯಾರು ಮಾಡುವುದು ನನ್ನ ಕೆಲಸ. ಬಿಟ್ಟು ಹೋಗುವವರನ್ನು ಕೂರಿಸಿಕೊಂಡು ಕಾರಣ ಕೇಳುತ್ತೇನೆ. ಸಂಬಳ ಸಾಲದು ಅಂತಲೇ ಶುರು ಮಾಡುತ್ತಾರೆ. ಸ್ವಲ್ಪ ಹೊತ್ತು ಕೇಳಿಸಿಕೊಂಡರೆ ಮಾತು ಟೈಮಿಂಗ್‌ಗೆ, ಅಂದರೆ ಟ್ರಿಪ್ ಮುಗಿಸಲು ಬಸ್ಸಿಗೆ ನಿಗದಿ ಮಾಡಿದ ಸಮಯಕ್ಕೆ, ಬಂದು ನಿಲ್ಲುತ್ತದೆ.

ಹೊರಗಿನವರಿಗೆ ಇದು ಸುಲಭಕ್ಕೆ ಅರ್ಥವಾಗುವುದಿಲ್ಲ. ನಮ್ಮಲ್ಲಿ ಒಂದೇ ರೂಟಿನಲ್ಲಿ ಹಲವು ಮಾಲೀಕರ ಬಸ್‌ಗಳು ಕೆಲವೇ ನಿಮಿಷಗಳ ಅಂತರದಲ್ಲಿ ಓಡುತ್ತವೆ. ಸ್ಟಾಪಿನಲ್ಲಿ ನಿಂತ ಜನ ಮೊದಲು ಬಂದ ಬಸ್ಸಿಗೆ ಹತ್ತುತ್ತಾರೆ. ಎದುರಿನ ಬಸ್ ನಿಧಾನ ಮಾಡಿದರೆ ಹಿಂದಿನವರ ಜನವೂ ಅದಕ್ಕೇ. ಎಷ್ಟೋ ಕಡೆ ಡ್ರೈವರ್, ಕಂಡಕ್ಟರ್‌ಗಳ ದಿನದ ದುಡಿಮೆಯೂ ಕಲೆಕ್ಷನ್ ಮೇಲೆಯೇ ನಿಂತಿದೆ. ನಂತೂರಿನಲ್ಲೋ ಪಂಪ್‌ವೆಲ್‌ನಲ್ಲೋ ಬ್ಲಾಕ್ ಆಗಿ ಹೋದ ನಿಮಿಷಗಳನ್ನು ಮುಂದಿನ ಸ್ಟಾಪ್‌ಗಳಲ್ಲಿ ಎಳೆದು ತುಂಬಿಸಬೇಕು. ಇಲ್ಲದಿದ್ದರೆ ಸ್ಟೇಟ್‌ಬ್ಯಾಂಕ್ ಬಸ್ ನಿಲ್ದಾಣದಲ್ಲಿ ಹಿಂದಿನ ಬಸ್ಸಿನವರ ಜೊತೆ ಜಗಳ. ಎಳೆದರೆ ಪ್ರಯಾಣಿಕರ ಬೈಗುಳ, ಪೊಲೀಸರ ದಂಡ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ, ಸರ್ಕಾರಿ ಬಸ್ ಜಾಸ್ತಿ ಇರುವ ರೂಟ್‌ಗಳಲ್ಲಿ ಹಂಚಿಕೊಳ್ಳಲು ಸಿಗುವ ಜನವೇ ಕಡಿಮೆಯಾದರು. ಆ ನಷ್ಟದ ಬಿಸಿಯೂ ಮೊದಲು ತಟ್ಟುವುದು ಸ್ಟೇರಿಂಗ್ ಹಿಡಿದವರಿಗೆ.

ಇದನ್ನು ಯಾಕೆ ಮೊದಲೇ ಹೇಳುತ್ತಿದ್ದೇನೆ ಅಂದರೆ, ತರಬೇತಿಯನ್ನೂ ಇದೇ ತಿಂದು ಹಾಕುತ್ತದೆ. ಕಾನೂನಿನ ಪ್ರಕಾರ ವಯಸ್ಸು 20 ಆಗಿರಬೇಕು, ಲೈಟ್ ಲೈಸೆನ್ಸ್ ಸಿಕ್ಕಿ ಒಂದು ವರ್ಷ ಕಳೆದಿರಬೇಕು, ವೈದ್ಯರ ಸರ್ಟಿಫಿಕೇಟ್ ಬೇಕು. ಇಷ್ಟಿದ್ದವರಿಗೆ ಗಾಡಿ ಓಡಿಸಲು ಬರಬಹುದು. ನಿಂತ ಪ್ರಯಾಣಿಕರನ್ನು ತುಂಬಿಕೊಂಡು ಓಡಿಸುವುದನ್ನು ನಾವೇ ಕಲಿಸಬೇಕು.

ಲಾರಿಯಿಂದ ಬಂದವರಿಗೆ ನಾನು ಮೊದಲು ತೋರಿಸುವುದು ಬಸ್ಸಿನ ಹಿಂಭಾಗ. ಹಿಂದಿನ ಚಕ್ರದಿಂದಾಚೆ ಬಸ್ ಇನ್ನೂ ಉದ್ದಕ್ಕೆ ಚಾಚಿಕೊಂಡಿರುತ್ತದೆ. ಸ್ಟಾಪಿನಿಂದ ಬಲಕ್ಕೆ ಜೋರಾಗಿ ತಿರುಗಿಸಿದರೆ ಆ ಭಾಗ ಎಡಕ್ಕೆ, ಅಂದರೆ ಕಾಯುತ್ತಾ ನಿಂತ ಜನರ ಕಡೆಗೆ ಬೀಸುತ್ತದೆ. ಎಡಕ್ಕೆ ತಿರುಗುವಾಗ ಹಿಂದಿನ ಚಕ್ರ ಮುಂದಿನದಕ್ಕಿಂತ ಒಳಗೆ ಬರುತ್ತದೆ. ಪಕ್ಕದಲ್ಲಿ ನುಗ್ಗಿದ ಸ್ಕೂಟರ್ ಸಿಕ್ಕಿಕೊಳ್ಳುವುದು ಅಲ್ಲೇ. ಆಮೇಲೆ ಏರ್ ಬ್ರೇಕ್. ಪೆಡಲ್ ಒತ್ತಿದ ಮೇಲೆ ಗಾಳಿ ಚಕ್ರದವರೆಗೆ ತಲುಪಲು ಒಂದು ಕ್ಷಣ ಬೇಕು. ಸುಮ್ನೆ ಮತ್ತೆ ಮತ್ತೆ ಒತ್ತುತ್ತಾ ಇದ್ದರೆ ಟ್ಯಾಂಕಿನ ಗಾಳಿ ಇಳಿಯುತ್ತದೆ. ಗಾಳಿ ಕಡಿಮೆಯಾಯಿತು ಅಂತ ಬಜರ್ ಕೂಗಿದರೂ ಟೈಮ್ ಆಯಿತು ಅಂತ ಓಡಿಸುವವರನ್ನು ನೋಡಿದ್ದೇನೆ. ಅಂಥವರನ್ನು ಆ ದಿನವೇ ಬಸ್ಸಿನಿಂದ ಇಳಿಸಬೇಕು, ಎಷ್ಟೇ ಹಳಬರಾಗಿರಲಿ.

ನಮ್ಮ ಮಳೆಗಾಲಕ್ಕೆ ಬೇರೆಯೇ ಪಾಠ ಬೇಕು. ಜೂನ್‌ನ ಮೊದಲ ಮಳೆಗೆ ರಸ್ತೆಯ ಎಣ್ಣೆ, ಧೂಳು ಎಲ್ಲ ಮೇಲೆ ಬಂದು ಜಾರುವಷ್ಟು ಜಡಿಮಳೆಯಲ್ಲೂ ಜಾರುವುದಿಲ್ಲ. ಸುರತ್ಕಲ್, ಪಡುಬಿದ್ರಿ, ಕಾಪು ದಾಟುವ ಹೆದ್ದಾರಿ 66ರಲ್ಲಿ ಎಕ್ಸ್‌ಪ್ರೆಸ್ ಓಡಿಸುವವರಿಗೆ ನಾನು ಹೇಳುವುದು ಇಷ್ಟೇ: ಅಂತರ ಎರಡು ಪಟ್ಟು ಬಿಡಿ, ಬ್ರೇಕಿಗೆ ಮೊದಲು ಗೇರ್ ಇಳಿಸಿ. ಎಲ್ಲರೂ ತಲೆ ಆಡಿಸುತ್ತಾರೆ. ಟೈಮಿಂಗ್ ಮಾತ್ರ ಬೇಸಿಗೆಗೂ ಮಳೆಗೂ ಒಂದೇ ಆಗಿದ್ದರೆ ಅವರಾದರೂ ಏನು ಮಾಡಬೇಕು?

ಈಗ ಹಾವೇರಿ, ಗದಗ, ಕೊಪ್ಪಳ ಕಡೆಯ ಹುಡುಗರೂ ಬರುತ್ತಿದ್ದಾರೆ. ಒಳ್ಳೆಯ ಕೆಲಸಗಾರರು. ಬಸ್ಸಿನೊಳಗೆ ತುಳು, ಬ್ಯಾರಿ, ಕೊಂಕಣಿ ಕೇಳಿ ಮೊದಲ ವಾರ ಕಂಗಾಲಾಗುತ್ತಾರೆ. ಅವರ ಜೊತೆ ಹಳೆಯ ಕಂಡಕ್ಟರ್ ಒಬ್ಬರನ್ನು ಹಾಕಿದರೆ ಅರ್ಧ ಕಷ್ಟ ಕಳೆಯಿತು. ಉಳಿದರ್ಧ ರೂಮು ಮತ್ತು ರಜೆ. ಊರ ಜಾತ್ರೆಗೆ, ಯುಗಾದಿಗೆ ನಾಲ್ಕು ದಿನ ಒಟ್ಟಿಗೆ ರಜೆ ಕೊಡದ ಮಾಲೀಕರಿಗೆ ಆ ಹುಡುಗರು ಹಬ್ಬ ಮುಗಿದ ಮೇಲೆ ವಾಪಸ್ ಸಿಗುವುದಿಲ್ಲ. ರಜೆಯ ಪಟ್ಟಿಯನ್ನು ವರ್ಷದ ಶುರುವಿನಲ್ಲೇ ಬರೆದು ಗೋಡೆಗೆ ಅಂಟಿಸಿ, ಬದಲಿ ಡ್ರೈವರ್ ಯಾರು ಅಂತಲೂ ಅದರಲ್ಲೇ ಬರೆಯಿರಿ.

ದಿನಕ್ಕೆ 8 ಗಂಟೆ, ವಾರಕ್ಕೆ 48 ಗಂಟೆ, 5 ಗಂಟೆ ಕೆಲಸಕ್ಕೆ ಅರ್ಧ ಗಂಟೆ ಬಿಡುವು. ಇದನ್ನು 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯಿದೆಯೇ ಹೇಳಿತ್ತು. ಬೆಳಿಗ್ಗೆ ಮೊದಲ ಟ್ರಿಪ್ಪಿಗೆ ಹತ್ತಿದವರು ರಾತ್ರಿ ಕೊನೆಯ ಟ್ರಿಪ್ ಮುಗಿಸಿ ಇಳಿಯುವ ಪದ್ಧತಿ ಇಂದಿಗೂ ಇದೆ. ನಡುವೆ ಊಟಕ್ಕೆ ಕೂರುವಷ್ಟು ಸಮಯವಿಲ್ಲ, ಎಷ್ಟೋ ಕೊನೆ ಸ್ಟಾಪ್‌ಗಳಲ್ಲಿ ಶೌಚಾಲಯವೂ ಇಲ್ಲ. ಹೀಗಿರುವಾಗ ಹೆಣ್ಣುಮಕ್ಕಳು ಡ್ರೈವರ್ ಆಗಿ ಬರಲಿ ಎಂದು ಯಾವ ಮುಖದಿಂದ ಕರೆಯುವುದು?

ನನ್ನ ಸಲಹೆ ಮಾಲೀಕರಿಗೆ ಮೊದಮೊದಲು ದುಬಾರಿ ಅನಿಸುತ್ತದೆ. ಸಂಬಳವನ್ನು ಕಲೆಕ್ಷನ್ನಿಂದ ಬಿಡಿಸಿ ತಿಂಗಳಿಗೆ ಇಷ್ಟು ಅಂತ ನಿಗದಿ ಮಾಡಿ. ಪಿಎಫ್, ಇಎಸ್‌ಐ ಕಟ್ಟಿ. ಆಸ್ಪತ್ರೆ ಖರ್ಚಿಗೆ ಇಎಸ್‌ಐ ಕಾರ್ಡ್ ಇದ್ದರೆ, ಸ್ವಲ್ಪ ಹೆಚ್ಚು ಕೊಡುತ್ತೇನೆ ಅಂತ ಯಾರಾದರೂ ಕರೆದರೂ ಮನೆಯವರೇ ಬೇಡ ಅನ್ನುತ್ತಾರೆ. ಒಂದೇ ರೂಟಿನ ಮಾಲೀಕರು ದಿನದ ಕಲೆಕ್ಷನ್ ಒಟ್ಟು ಮಾಡಿ ಟ್ರಿಪ್ ಲೆಕ್ಕದಲ್ಲಿ ಹಂಚಿಕೊಂಡರೆ ಎದುರಿನ ಬಸ್ಸನ್ನು ಹಿಂದೆ ಹಾಕುವ ಕಾರಣವೇ ಇಲ್ಲವಾಗುತ್ತದೆ. ಸರಾಗವಾಗಿ ಓಡಿಸಿದರೆ ಡೀಸೆಲ್, ಬ್ರೇಕ್ ಲೈನರ್, ಟೈರ್ ಎಲ್ಲದರಲ್ಲೂ ಉಳಿಯುತ್ತದೆ.

ಆದರೆ ಓಡುವ ಸಮಯವನ್ನು ಮಾಲೀಕರು ತಾವೇ ಬದಲಿಸುವಂತಿಲ್ಲ. ಪರ್ಮಿಟ್ ಜೊತೆ ವೇಳಾಪಟ್ಟಿ ಕೊಡುವುದು ಜಿಲ್ಲಾಧಿಕಾರಿ ಅಧ್ಯಕ್ಷತೆಯ ಸಾರಿಗೆ ಪ್ರಾಧಿಕಾರ. ಅಲ್ಲಿಗೆ ಹೊಸ ಪರ್ಮಿಟ್ ಕೇಳಲು ಹೋಗುವ ಮಾಲೀಕರು, ಡ್ರೈವರ್ ಸಂಘದವರನ್ನೂ ಕರೆದುಕೊಂಡು ಹೋಗಿ ಇನ್ನೊಂದು ಅರ್ಜಿ ಕೊಡಲಿ: ಬೆಳಿಗ್ಗೆ ಒಂಬತ್ತಕ್ಕೂ ಸಂಜೆ ಆರಕ್ಕೂ ಪ್ರತಿ ರೂಟಿನಲ್ಲಿ ಒಬ್ಬ ಇನ್‌ಸ್ಪೆಕ್ಟರ್ ಬಸ್ಸಿನಲ್ಲೇ ಕೂತು ಹೋಗಿ, ಎಷ್ಟು ಹೊತ್ತು ಹಿಡಿಯುತ್ತದೆ ಎಂದು ಬರೆದುಕೊಳ್ಳಲಿ. ಜುಲೈ ತಿಂಗಳಲ್ಲಿ ಇನ್ನೊಮ್ಮೆ ಹೋಗಲಿ.