‘ನಾಲ್ಕು ಆಳ್ವಿಕೆ’ಗಳನ್ನು ಬರೆದ ಪ್ರಧಾನಿ: ಕುಕ್ರಿತ್ ಪ್ರಮೋಜ್ ಮತ್ತು ಥಾಯ್ ರಾಜಭಕ್ತಿಯ ಹಿನ್ನೆಲೆ

ಥಾಯ್ ಭಾಷೆಯಲ್ಲಿ ‘ಫೇನ್‌ದಿನ್’ ಎಂದರೆ ನೆಲ, ನಾಡು. ಒಬ್ಬ ಅರಸನ ಆಳ್ವಿಕೆಯ ಕಾಲಕ್ಕೂ ಅದೇ ಶಬ್ದ ಸಲ್ಲುತ್ತದೆ. ನಾಡೂ ದೊರೆಯೂ ಬೇರೆ ಬೇರೆಯಲ್ಲ ಎಂಬ ಹಳೆಯ ನಂಬಿಕೆ ಆ ಶಬ್ದದೊಳಗೇ ಅಡಗಿದೆ. 1932ರ ಜೂನ್ 24ರಂದು ಸಯಾಮಿನ (ಇಂದಿನ ಥಾಯ್ಲೆಂಡಿನ) ನಿರಂಕುಶ ರಾಜಪ್ರಭುತ್ವವನ್ನು ಕೊನೆಗಾಣಿಸಿದ ಸೇನಾಧಿಕಾರಿಗಳು ಮತ್ತು ಸರ್ಕಾರಿ ನೌಕರರ ಕೂಟ ಈ ಎರಡನ್ನೂ ಬೇರ್ಪಡಿಸಲು ಹೊರಟಿತ್ತು. ಇಪ್ಪತ್ತು ವರ್ಷ ತುಂಬುವ ಮೊದಲೇ ಅವೆರಡನ್ನೂ ಓದುಗರ ಮನಸ್ಸಿನಲ್ಲಿ ಮತ್ತೆ ಕೂಡಿಸತೊಡಗಿದ್ದು ಒಂದು ಪತ್ರಿಕಾ ಧಾರಾವಾಹಿ. ಅದರ ಹೆಸರು ‘ಸೀ ಫೇನ್‌ದಿನ್’, ಅಂದರೆ ನಾಲ್ಕು ಆಳ್ವಿಕೆಗಳು. ಬರೆದವರು ಮುಂದೆ ಥಾಯ್ಲೆಂಡಿನ ಪ್ರಧಾನಿಯಾದ ಕುಕ್ರಿತ್ ಪ್ರಮೋಜ್.

ಕುಕ್ರಿತ್ ಹುಟ್ಟಿದ್ದು 1911ರ ಏಪ್ರಿಲ್ 20ರಂದು, ಸಿಂಗ್‌ಬುರಿ ಪ್ರಾಂತ್ಯದಲ್ಲಿ. ಅವರು ಎರಡನೆಯ ರಾಮನೆಂದು ಹೆಸರಾದ ದೊರೆಯ ಮರಿಮಗ. ಸಯಾಮಿನ ಪದ್ಧತಿಯಲ್ಲಿ ಅರಸುಮನೆತನದ ಬಿರುದು ತಲೆಮಾರಿನಿಂದ ತಲೆಮಾರಿಗೆ ಒಂದೊಂದೇ ಮೆಟ್ಟಿಲು ಇಳಿಯುತ್ತದೆ. ಅವರ ಪಾಲಿಗೆ ಬಂದ ‘ಮೊಮ್ ರಾಜವಂಶ’ ಎಂಬ ಬಿರುದು ಅರಮನೆಯ ಹೊಸ್ತಿಲಿನಲ್ಲಿ ನಿಂತವನ ಬಿರುದು: ಪೂರ್ತಿ ಒಳಗಿನವನೂ ಅಲ್ಲ, ಪೂರ್ತಿ ಹೊರಗಿನವನೂ ಅಲ್ಲ. ಅವರ ಬರವಣಿಗೆಯ ದನಿಗೂ ಈ ಮಾತು ಹೊಂದುತ್ತದೆ ಎಂದು ನನಗನಿಸುತ್ತದೆ. ಆಕ್ಸ್‌ಫರ್ಡ್‌ನ ಕ್ವೀನ್ಸ್ ಕಾಲೇಜಿನಲ್ಲಿ ತತ್ವಶಾಸ್ತ್ರ, ರಾಜಕೀಯ ಮತ್ತು ಅರ್ಥಶಾಸ್ತ್ರ ಓದಿ 1933ರಲ್ಲಿ ಅವರು ಮರಳಿದಾಗ, ಬಿಟ್ಟುಹೋಗಿದ್ದ ನಾಡಿನಲ್ಲಿ ಅರಸನಿದ್ದರೂ ಅರಸೊತ್ತಿಗೆಯ ಅಧಿಕಾರ ಉಳಿದಿರಲಿಲ್ಲ. ಕಂದಾಯ ಇಲಾಖೆಯಲ್ಲಿಯೂ ಬ್ಯಾಂಕುಗಳಲ್ಲಿಯೂ ದುಡಿದ ಮೇಲೆ, ಎರಡನೆಯ ಮಹಾಯುದ್ಧ ಮುಗಿಯುತ್ತಲೇ ಅವರು ರಾಜಕೀಯಕ್ಕಿಳಿದು ‘ಪ್ರಗತಿ’ ಎಂಬ ಅರ್ಥದ ಹೆಸರಿನ ಪಕ್ಷವೊಂದನ್ನು ಕಟ್ಟಿದರು. ಅದು ಬೇಗನೆ ಡೆಮಾಕ್ರಟ್ ಪಕ್ಷದಲ್ಲಿ ಸೇರಿಹೋಯಿತು.

1950ರ ಜೂನ್ 25ರಂದು ಅವರು ಆರಂಭಿಸಿದ ‘ಸಯಾಮ್ ರಾತ್’ ಪತ್ರಿಕೆಯ ಹೆಸರಿನ ಎರಡನೆಯ ಪದ ನಮ್ಮ ‘ರಾಷ್ಟ್ರ’ವೇ. ಮರುವರ್ಷದಿಂದ ಆ ಪತ್ರಿಕೆಯಲ್ಲಿ ಹರಿದುಬಂದದ್ದು ‘ಸೀ ಫೇನ್‌ದಿನ್’. ಪ್ಲೋಯ್ ಎಂಬ ಹುಡುಗಿ ತಾಯಿಯ ಕೈಹಿಡಿದು ದೋಣಿಯಲ್ಲಿ ಬಂದು ಅರಮನೆಯ ಅಂತಃಪುರ ಸೇರುತ್ತಾಳೆ. ಐದನೆಯ ರಾಮ ಚುಲಾಲಂಗ್‌ಕೋರ್ನ್ ಕಾಲದಿಂದ ಎಂಟನೆಯ ರಾಮ ಆನಂದ ಮಹಿದೋಲ್ ಕಾಲದವರೆಗೆ ಅವಳು ಸೇವಕಿಯಾಗಿ, ಹೆಂಡತಿಯಾಗಿ, ತಾಯಿಯಾಗಿ ಬಾಳುತ್ತಾಳೆ. ಕಾದಂಬರಿಕಾರರ ಜಾಣ್ಮೆ ಇರುವುದು ಇಲ್ಲಿ: ಐವತ್ತಕ್ಕೂ ಹೆಚ್ಚು ವರ್ಷಗಳ ರಾಜಕೀಯವನ್ನು ರಾಜಕೀಯವೇ ತಿಳಿಯದ ಹೆಂಗಸೊಬ್ಬಳ ಕಣ್ಣಿನಿಂದ ತೋರಿಸಿದ್ದಾರೆ. 1932ರ ಕ್ರಾಂತಿ ಅವಳ ಮನೆಗೆ ಬರುವುದು ತತ್ವವಾಗಿ ಅಲ್ಲ, ಜಗಳವಾಗಿ. ಫ್ರಾನ್ಸಿನಲ್ಲಿ ಕಾನೂನು ಓದಿ ಬಂದ ಮಗ ಆನ್ ಕ್ರಾಂತಿಕಾರರ ಕಡೆಗೆ ನಿಲ್ಲುತ್ತಾನೆ. ಗಂಡನ ಮೊದಲ ಸಂಬಂಧದ ಮಗ, ಸೈನಿಕ ಓನ್, 1933ರಲ್ಲಿ ರಾಜಕುಮಾರ ಬೊವೊರದೇತ್ ಹೊಸ ಸರ್ಕಾರದ ವಿರುದ್ಧ ನಡೆಸಿದ ಬಂಡಾಯದಲ್ಲಿ ಸೇರಿ ಸೆರೆಮನೆ ಕಾಣುತ್ತಾನೆ. ಆನಂದ ಮಹಿದೋಲ್ ಗುಂಡೇಟಿನಿಂದ ಸತ್ತ 1946ರ ಜೂನ್ 9ರಂದೇ, ಮನೆಯ ಮುಂದಿನ ಕಾಲುವೆಯ ನೀರು ಇಳಿಯುವ ಹೊತ್ತಿನಲ್ಲಿ, ಪ್ಲೋಯ್ ಕೂಡ ಕಣ್ಣುಮುಚ್ಚುತ್ತಾಳೆ.

ಜನ ಈ ಕಥೆಯನ್ನು ಎಷ್ಟು ಹಚ್ಚಿಕೊಂಡರೆಂದರೆ ಅದು ಮತ್ತೆ ಮತ್ತೆ ಟಿವಿ ಧಾರಾವಾಹಿಯಾಯಿತು, ರಂಗಕ್ಕೂ ಬಂತು. ಕ್ರಾಂತಿಯ ನಂತರ ಮಂಕಾಗಿದ್ದ ಅರಮನೆಗೆ ಶಾಸನವಾಗಲಿ ಸೇನೆಯಾಗಲಿ ತಂದುಕೊಡಲಾಗದ ಒಂದು ಬಗೆಯ ಅಕ್ಕರೆಯನ್ನು ಈ ಪುಸ್ತಕ ತಂದುಕೊಟ್ಟಿತು. 1954ರ ‘ಫಾಯ್ ದೇಂಗ್’ (ಕೆಂಪು ಬಿದಿರು) ಕಾದಂಬರಿಯಲ್ಲಿ ಹಳ್ಳಿಯ ಬೌದ್ಧ ಭಿಕ್ಷುವಿಗೂ ಊರಿನ ಕಮ್ಯುನಿಸ್ಟನಿಗೂ ನಡೆಯುವ ನಗೆಯ ಜಟಾಪಟಿ ಇದೆ. ಅದರ ಮೇಲೆ, ಹಳ್ಳಿಯ ಪಾದ್ರಿಗೂ ಕಮ್ಯುನಿಸ್ಟ್ ಮೇಯರನಿಗೂ ನಡೆಯುವ ಜಗಳದ ಇಟಲಿಯ ಡಾನ್ ಕಮಿಲೋ ಕಥೆಗಳ ನೆರಳು ದಟ್ಟವಾಗಿದೆ. ಆದರೂ ಶೀತಲ ಸಮರದ ದಿನಗಳಲ್ಲಿ ಕಮ್ಯುನಿಸ್ಟ್ ವಿರೋಧಿ ಕೃತಿಯಾಗಿ ಅದು ಹೊರನಾಡುಗಳಿಗೂ ಹೋಯಿತು.

ರಂಗದ ಆಟವೂ ಅವರಿಗೆ ಅಷ್ಟೇ ಪ್ರಿಯ. ರಾಮಾಯಣದ ಥಾಯ್ ರೂಪವಾದ ರಾಮಕಿಯೆನ್ ಅನ್ನು ಮುಖವಾಡ ತೊಟ್ಟು ಕುಣಿಯುವ ‘ಖೋನ್’ ಕಲೆಗೆ ಅವರು ಥಮ್ಮಸಾತ್ ವಿಶ್ವವಿದ್ಯಾಲಯದಲ್ಲಿ ವಿದ್ಯಾರ್ಥಿಗಳ ತಂಡ ಕಟ್ಟಿದರು. ತಾವೇ ತೊತ್ಸಕನ್ ವೇಷ ಹಾಕಿದರು. ತೊತ್ಸಕನ್ ಎಂದರೆ ದಶಕಂಠ, ನಮ್ಮ ರಾವಣ. ಯಕ್ಷಗಾನದಲ್ಲಿ ರಾವಣನ ಒಡ್ಡೋಲಗ ಕಂಡವರಿಗೆ, ಒಬ್ಬ ರಾಜಕಾರಣಿ ರಾಮನನ್ನು ಬಿಟ್ಟು ಈ ಪಾತ್ರವನ್ನೇ ಆರಿಸಿಕೊಂಡದ್ದು ವಿಚಿತ್ರವೆನಿಸಲಾರದು. 1963ರಲ್ಲಿ ಮಾರ್ಲನ್ ಬ್ರಾಂಡೋ ನಟಿಸಿದ ಹಾಲಿವುಡ್ ಚಿತ್ರ ‘ದಿ ಅಗ್ಲಿ ಅಮೆರಿಕನ್’ನಲ್ಲಿ ಅವರು ಸರ್ಖಾನ್ ಎಂಬ ಕಲ್ಪಿತ ದೇಶದ ಪ್ರಧಾನಿಯಾಗಿ ಕಾಣಿಸಿಕೊಂಡರು.

ನಿಜವಾದ ಪದವಿ ಬರಲು ಮತ್ತೆ ಹನ್ನೆರಡು ವರ್ಷ ಬೇಕಾಯಿತು. 1973ರ ಅಕ್ಟೋಬರಿನಲ್ಲಿ ವಿದ್ಯಾರ್ಥಿಗಳ ಬಂಡಾಯ ಸೈನಿಕ ಸರ್ವಾಧಿಕಾರವನ್ನು ಕೆಡವಿದ ಮೇಲೆ ಕುಕ್ರಿತ್ ಶಾಸನಸಭೆಯ ಅಧ್ಯಕ್ಷರಾದರು, ಸೋಷಿಯಲ್ ಆ್ಯಕ್ಷನ್ ಪಕ್ಷವನ್ನು ಸ್ಥಾಪಿಸಿದರು. 1975ರ ಜನವರಿಯ ಚುನಾವಣೆಯಲ್ಲಿ 269 ಸ್ಥಾನಗಳ ಪೈಕಿ ಅವರ ಪಕ್ಷ ಗೆದ್ದದ್ದು 18 ಮಾತ್ರ. 72 ಸ್ಥಾನ ಗೆದ್ದ ಡೆಮಾಕ್ರಟ್ ಪಕ್ಷದ ನಾಯಕ, ಅವರ ಸ್ವಂತ ಅಣ್ಣ ಸೇನಿ ಪ್ರಮೋಜ್, ಸರ್ಕಾರ ರಚಿಸಿ ತಿಂಗಳೊಳಗೆ ಸದನದ ವಿಶ್ವಾಸ ಕಳೆದುಕೊಂಡರು. ಹಲವು ಸಣ್ಣಪುಟ್ಟ ಪಕ್ಷಗಳನ್ನು ಕೂಡಿಸಿಕೊಂಡು ತಮ್ಮ ಕುಕ್ರಿತ್ ಮಾರ್ಚ್ 14ರಂದು ಪ್ರಧಾನಿಯಾದರು.

ಆ ಸರ್ಕಾರ ಬಾಳಿದ್ದು ಒಂದು ವರ್ಷವೂ ಚಿಲ್ಲರೆಯೂ ಅಷ್ಟೆ. ಬೇಸಿಗೆಯಲ್ಲಿ ಕೆಲಸವಿಲ್ಲದ ಹಳ್ಳಿಗರಿಗೆ ಕೆರೆ, ರಸ್ತೆಗಳ ಕೂಲಿ ಸಿಗಲೆಂದು 250 ಕೋಟಿ ಬಾಟ್ ಹಣವನ್ನು ನೇರವಾಗಿ ‘ತಂಬೋನ್’ ಎಂಬ ಗ್ರಾಮಗುಚ್ಛಗಳ ಸಮಿತಿಗಳಿಗೆ ಹಂಚಿದ್ದು ಅದರ ಹೆಸರುಳಿಸಿದ ಕೆಲಸ. ಅದಕ್ಕಿಂತ ದೊಡ್ಡದು ವಿದೇಶಾಂಗ ನೀತಿಯ ತಿರುವು. ಏಪ್ರಿಲಿನಲ್ಲಿ ಕಾಂಬೋಡಿಯಾದ ಫ್ನೋಮ್ ಪೆನ್ ಮತ್ತು ದಕ್ಷಿಣ ವಿಯೆಟ್ನಾಮಿನ ಸೈಗಾನ್ ಎರಡೂ ಕಮ್ಯುನಿಸ್ಟರ ಕೈಗೆ ಬಿದ್ದಿದ್ದವು. ಮೇ ತಿಂಗಳಲ್ಲಿ ಕಾಂಬೋಡಿಯಾದ ಪಡೆಗಳು ಹಿಡಿದಿದ್ದ ತನ್ನ ಸರಕು ಹಡಗು ಮಾಯಾಗೇಸ್ ಅನ್ನು ಬಿಡಿಸಲು ಅಮೆರಿಕ ಥಾಯ್ ಸರ್ಕಾರದ ಒಪ್ಪಿಗೆಯಿಲ್ಲದೆ ಥಾಯ್ಲೆಂಡಿನ ಉಟಪಾವೋ ವಾಯುನೆಲೆಯನ್ನು ಬಳಸಿತು. ಕುಕ್ರಿತ್ ಬಹಿರಂಗವಾಗಿ ಪ್ರತಿಭಟಿಸಿದರು. ಅಮೆರಿಕದ ಪಡೆಗಳು ವರ್ಷದೊಳಗೆ ಹೊರಡಬೇಕೆಂದು ಅವರ ಸರ್ಕಾರ ಮೊದಲೇ ಹೇಳಿಯಾಗಿತ್ತು. ಜುಲೈ 1ರಂದು ಬೀಜಿಂಗಿನಲ್ಲಿ ಚೀನಾದ ಪ್ರಧಾನಿ ಚೌ ಎನ್‌ಲಾಯ್ ಜೊತೆ ರಾಜತಾಂತ್ರಿಕ ಸಂಬಂಧದ ಪತ್ರಕ್ಕೆ ಸಹಿ ಹಾಕಿ, ಮಾವೋ ಅವರನ್ನೂ ಭೇಟಿಯಾದರು. ‘ಫಾಯ್ ದೇಂಗ್’ ಬರೆದ ಕೈ ಅದು. ಇದರಲ್ಲಿ ವಿರೋಧಾಭಾಸವನ್ನಷ್ಟೇ ಕಂಡರೆ ಸಾಲದು. ದೊಡ್ಡ ಬಲಗಳ ನಡುವೆ ಬಾಗಿ ಉಳಿಯುವುದು ಅವರು ಮೆಚ್ಚಿ ಬರೆದ ಚುಲಾಲಂಗ್‌ಕೋರ್ನ್ ಕಾಲದ ಸಯಾಮಿನದೇ ಹಾದಿಯಾಗಿತ್ತು.

ಒಳಗೆ ಮಾತ್ರ ನಾಡು ಎರಡಾಗುತ್ತಿತ್ತು. ಆಗಸ್ಟಿನಲ್ಲಿ ಸಿಟ್ಟಿಗೆದ್ದ ಪೊಲೀಸರೇ ಸುವಾನ್ ಪ್ಲು ಗಲ್ಲಿಯ ಪ್ರಧಾನಿಯ ತೇಗದ ಮನೆಗೆ ನುಗ್ಗಿ ಸಾಮಾನುಗಳನ್ನು ಒಡೆದುಹಾಕಿದರು. 1976ರ ಜನವರಿಯಲ್ಲಿ ಅವರು ಸದನ ವಿಸರ್ಜಿಸಿದರು. ಏಪ್ರಿಲ್ ಚುನಾವಣೆಯಲ್ಲಿ ಬ್ಯಾಂಕಾಕಿನ ದುಸಿತ್ ಕ್ಷೇತ್ರದಲ್ಲಿ ಸಮಕ್ ಸುಂದರವೇಜ್ ಎದುರು ತಾವೇ ಸೋತರು. ಅಧಿಕಾರ ಮತ್ತೆ ಅಣ್ಣನಿಗೆ ಹೋಯಿತು. ಅದೇ ವರ್ಷ ಅಕ್ಟೋಬರ್ 6ರಂದು, ಯುವರಾಜನನ್ನು ಅವಮಾನಿಸಿದರೆಂಬ ಆರೋಪ ಹೊರಿಸಿ, ಪೊಲೀಸರೂ ಬಲಪಂಥೀಯ ಗುಂಪುಗಳೂ ಥಮ್ಮಸಾತ್ ಆವರಣದಲ್ಲಿ ವಿದ್ಯಾರ್ಥಿಗಳನ್ನು ಕೊಂದರು. ಅಂದು ಸಂಜೆಯೇ ಸೇನೆ ಆಡಳಿತವನ್ನು ಕೈಗೆತ್ತಿಕೊಂಡಿತು. ಕುಕ್ರಿತ್ ಖೋನ್ ಕಲಿಸಿದ್ದು ಅದೇ ವಿಶ್ವವಿದ್ಯಾಲಯದಲ್ಲಿ. ಪ್ಲೋಯ್‌ಳ ಕಥೆ ಬೆಳೆಸಿದ ರಾಜಭಕ್ತಿ ಮೃದುವಾದದ್ದು, ಮನೆಮಾತಿನದು. ಅಂದು ಮೈದಾನದಲ್ಲಿ ಕಂಡ ರಾಜಭಕ್ತಿಗೆ ಲೇಖಕನನ್ನು ಹೊಣೆ ಮಾಡುವುದು ಅನ್ಯಾಯ. ಎರಡರ ನಡುವೆ ನಂಟೇ ಇಲ್ಲವೆನ್ನುವುದೂ ಕಷ್ಟ.

1979ರ ಚುನಾವಣೆಯಲ್ಲಿ ಅವರ ಪಕ್ಷಕ್ಕೆ ಅತಿ ಹೆಚ್ಚು ಸ್ಥಾನಗಳು ಬಂದರೂ ಪ್ರಧಾನಿ ಪಟ್ಟ ಮರಳಲಿಲ್ಲ. 1985ರಲ್ಲಿ ಸಾಹಿತ್ಯಕ್ಕಾಗಿ ‘ರಾಷ್ಟ್ರೀಯ ಕಲಾವಿದ’ ಗೌರವ ಸಂದಿತು. 1995ರ ಅಕ್ಟೋಬರ್ 9ರಂದು ಅವರು ತೀರಿಕೊಂಡರು. ಸುವಾನ್ ಪ್ಲುವಿನ ಆ ಮನೆ ಈಗ ವಸ್ತುಸಂಗ್ರಹಾಲಯ. ‘ಸೀ ಫೇನ್‌ದಿನ್’ ಓದುವಾಗ ನನ್ನ ಗಮನ ಈಚೀಚೆಗೆ ಪ್ಲೋಯ್‌ಗಿಂತ ಆನ್ ಕಡೆಗೆ ಹೋಗುತ್ತದೆ. ಕ್ರಾಂತಿ ಏಕೆ ಬೇಕಿತ್ತೆಂದು ಆ ಮಗ ಹೇಳುವುದೆಲ್ಲ ನಮಗೆ ಕೇಳಿಸುವುದು ತಾಯಿಯ ಅಳುವಿನ ಆಚೆಯಿಂದ, ಅರ್ಧಂಬರ್ಧವಾಗಿ.