ಸೂರಿನಿಂದ ಕಿಟಕಿಗೆ ಬಂದ ಲೋಟ

ನಮ್ಮ ಅಡುಗೆಮನೆ ಕಿಟಕಿಯಲ್ಲಿ ಬಹಳ ವರ್ಷ ಒಂದು ಸ್ಟೀಲ್ ಲೋಟ ಬೋರಲು ಬಿದ್ದಿರುತ್ತಿತ್ತು. ಅಂಚು ಸ್ವಲ್ಪ ನೆಗ್ಗಿತ್ತು. ಕೆಲಸಕ್ಕೆ ಬರುತ್ತಿದ್ದ ಅಕ್ಕನಿಗೆ ಅದರಲ್ಲೇ ಕಾಫಿ. ಕುಡಿದು, ತೊಳೆದು, ಅಲ್ಲೇ ಇಡುತ್ತಿದ್ದರು. ನಮ್ಮೆಲ್ಲರ ತಟ್ಟೆ ಲೋಟ ತೊಳೆಯುತ್ತಿದ್ದವರೂ ಅವರೇ. ತೊಳೆದರೆ ಮೈಲಿಗೆ ಇಲ್ಲ, ಕುಡಿದರೆ ಮಾತ್ರ! ಇದನ್ನು ಯಾರೂ ಕೂತು ಹೇಳಿಕೊಟ್ಟಿರಲಿಲ್ಲ. ಸುಮ್ನೆ ನಡೆದುಕೊಂಡು ಬಂದಿತ್ತು.

ಈ ಲೋಟ ಬಂದಿದ್ದು ಊರಿನ ಹೋಟೆಲ್ ಸೂರಿನಿಂದ. ಹೋಟೆಲ್ ಅಂದರೆ ದುಡ್ಡು ಕೊಟ್ಟವರು ಯಾರು ಬೇಕಾದರೂ ಕೂರುವ ಜಾಗ. ತಂಟೆ ಶುರುವಾಗಿದ್ದೇ ಅಲ್ಲಿ. ದಲಿತರಿಗೆ ಒಳಗೆ ಬೆಂಚಿಲ್ಲ, ಹೊರಗೆ ನೆಲದ ಮೇಲೆ ಕೂರಬೇಕು. ಎಷ್ಟೋ ಕಡೆ ತೆಂಗಿನ ಚಿಪ್ಪಿನಲ್ಲೇ ಟೀ. ಇಲ್ಲವೇ ಸೂರಿಗೆ ಸಿಕ್ಕಿಸಿಟ್ಟ ಬೇರೆ ಲೋಟ. ತಾಗದ ಹಾಗೆ ಮೇಲಿಂದ ಹೊಯ್ಯುತ್ತಿದ್ದರು. ಕುಡಿದವರೇ ತೊಳೆದಿಡಬೇಕು. ದುಡ್ಡು ಮಾತ್ರ ಎಲ್ಲರದ್ದೂ ಒಂದೇ ಗಲ್ಲಾಪೆಟ್ಟಿಗೆಗೆ.

ಕಾಗದದ ಮೇಲೆ ಬಾಗಿಲು ತೆರೆಯುವುದು ಸುಲಭ. ಮಹಾರಾಷ್ಟ್ರದ ಮಹಾಡ್‌ನಲ್ಲಿ ಚವದಾರ್ ಕೆರೆ ಎಲ್ಲರಿಗೂ ಮುಕ್ತ ಎಂದು ಪುರಸಭೆ ಮೊದಲೇ ನಿರ್ಣಯ ಮಾಡಿತ್ತು. ಆದರೂ ದಲಿತರು ಅಲ್ಲಿ ನೀರು ಮುಟ್ಟುವ ಹಾಗಿರಲಿಲ್ಲ. 1927ರ ಮಾರ್ಚ್ 20ರಂದು ಅಂಬೇಡ್ಕರ್ ಸಾವಿರಾರು ಜನರ ಜೊತೆ ಹೋಗಿ ಆ ನೀರು ಕುಡಿದರು. ಆಮೇಲೆ ಜೊತೆಗೆ ಬಂದಿದ್ದ ಜನರ ಮೇಲೆ ಹಲ್ಲೆ ನಡೆಯಿತು. ಮೇಲ್ಜಾತಿಯವರು ಕೆರೆಗೆ ಸಗಣಿ, ಗಂಜಲ ಸುರಿದು 'ಶುದ್ಧ' ಮಾಡಿದರು. ದನದ್ದು ಪರವಾಗಿಲ್ಲ, ಮನುಷ್ಯರ ಕೈ ಆಗಲ್ಲ.

1950ರಲ್ಲಿ ಸಂವಿಧಾನ ಜಾರಿಗೆ ಬಂತು. ಅದರ 17ನೇ ವಿಧಿ ಅಸ್ಪೃಶ್ಯತೆಯನ್ನು ರದ್ದು ಮಾಡಿತು. ಶಿಕ್ಷೆಗೆ ಕಾನೂನು ಬಂದಿದ್ದು 1955ರಲ್ಲಿ. ನನಗೆ ಇದರಲ್ಲಿ ಇಷ್ಟವಾಗುವುದು ಒಂದು ಸಣ್ಣ ವಿಷಯ. ಹೋಟೆಲ್ ಒಳಗೆ ಬಿಟ್ಟರೆ ಸಾಲದು, ಅಲ್ಲಿ ಎಲ್ಲರಿಗೂ ಇಟ್ಟ ಪಾತ್ರೆಯನ್ನೂ ಬಳಸಲು ಬಿಡಬೇಕು ಎಂದು ಅದು ಬಿಡಿಸಿ ಹೇಳುತ್ತದೆ. ಬರೆದವರಿಗೆ ಸೂರಿನ ಲೋಟ ಗೊತ್ತಿತ್ತು. ಆದರೆ ಮೊದಲು ಇಂಥ ಕೇಸಿನಲ್ಲಿ ರಾಜಿಗೆ ಅವಕಾಶ ಇತ್ತು. ದೂರು ಕೊಟ್ಟವನು ನಾಳೆ ಅದೇ ಊರಿನ ಗೌಡರ ಹೊಲಕ್ಕೆ ಕೂಲಿಗೆ ಹೋಗಬೇಕು. ರಾಜಿ ಹೇಗೆ ಆಗುತ್ತದೆ ಅಂತ ಗೊತ್ತಲ್ವಾ? 1976ರಲ್ಲಿ ಆ ದಾರಿ ಮುಚ್ಚಿದರು. ಕಾನೂನಿಗೆ ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯ್ದೆ ಎಂದು ಹೊಸ ಹೆಸರೂ ಬಂತು. ಅದೇ ಲೋಟ ಕೊಡಿ ಎಂದವರಿಗೆ ಕೂಲಿ, ಕಿರಾಣಿ ನಿಲ್ಲಿಸುವ ಬಹಿಷ್ಕಾರ, ಪರಿಶಿಷ್ಟ ಜಾತಿ, ಪಂಗಡದವರ ಮೇಲಿನ ದೌರ್ಜನ್ಯ ತಡೆ ಕಾಯ್ದೆಯೊಳಗೆ ಅಪರಾಧವಾಗಿ ಸೇರಲು 2015ರ ತಿದ್ದುಪಡಿಯೇ ಬೇಕಾಯಿತು.

ಅಷ್ಟರಲ್ಲಿ ಲೋಟವೂ ಬುದ್ಧಿ ಕಲಿತಿತ್ತು. ಕೆಲವು ಹೋಟೆಲ್‌ಗಳು ದಲಿತರಿಗೆ ಪ್ಲಾಸ್ಟಿಕ್ ಇಲ್ಲವೇ ಪೇಪರ್ ಲೋಟ ಕೊಡತೊಡಗಿದವು. ಕುಡಿದು ಎಸೆದರೆ ಸಾಕ್ಷಿಯೇ ಇಲ್ಲ. ಇದು ಬರೀ ಹಳ್ಳಿಯ ಮಾತೂ ಅಲ್ಲ. 2011–12ರ ಭಾರತ ಮಾನವ ಅಭಿವೃದ್ಧಿ ಸಮೀಕ್ಷೆಯಲ್ಲಿ ದೇಶದ ಶೇ 27ರಷ್ಟು ಮನೆಯವರು ನಾವು ಯಾವುದೋ ರೀತಿಯಲ್ಲಿ ಅಸ್ಪೃಶ್ಯತೆ ಆಚರಿಸುತ್ತೇವೆ ಎಂದು ಒಪ್ಪಿಕೊಂಡರು. ಕಿಟಕಿಯ ಲೋಟದವರು ಆ ಲೆಕ್ಕದಲ್ಲಿ ಇದ್ದಾರೋ ಇಲ್ಲವೋ. ನಮ್ಮನ್ನು ಕೇಳಿದ್ದರೆ ನಾವಂತೂ 'ಛೇ, ಇಲ್ಲಪ್ಪ' ಅನ್ನುತ್ತಿದ್ದೆವು.

ಒಂದು ದಿನ ಅಮ್ಮ ಆ ಲೋಟ ತೆಗೆದು ಗಿಡಕ್ಕೆ ನೀರು ಹಾಕಲು ಇಟ್ಟರು. ಅಕ್ಕನಿಗೆ ನಮ್ಮ ಲೋಟದಲ್ಲೇ ಕಾಫಿ ಬಂತು. ಅವರು ಕಿಟಕಿ ಕಡೆ ನೋಡಿ, 'ನನ್ ಲೋಟ ಎಲ್ಲೋಯ್ತಮ್ಮ?' ಅಂದರು. ಕಾಫಿ ಆರುವವರೆಗೂ ಮುಟ್ಟಲಿಲ್ಲ. ಆಮೇಲೆ ಬಾಗಿಲ ಹತ್ತಿರ ನಿಂತುಕೊಂಡೇ ಕುಡಿದರು. ಕುರ್ಚಿಯ ಮಾತು ನಮ್ಮ ಮನೆಯಲ್ಲಿ ಇನ್ನೂ ಬಂದಿರಲಿಲ್ಲ.